ಟಿಕೀಟಿನ ರೊಕ್ಕ ಯಾರದು?

ಹಾರೂಗೇರಿ ಕ್ರಾಸಿನ ಚಹಾದಂಗಡಿಯಲ್ಲಿ ಕೂತ ಕಾಲೇಜು ಹುಡುಗರ ಮೊಬೈಲಿನಲ್ಲಿ ಈಗ ಜಗತ್ತು ಭಾಳ ಅಗ್ಗ. ನೇಪಾಳ ಇಷ್ಟರಲ್ಲಿ, ವಿಯೆಟ್ನಾಂ ಅಷ್ಟರಲ್ಲಿ ಎಂದು ರೀಲುಗಳು ಓಡುತ್ತಲೇ ಇರುತ್ತವೆ. ಕಡಿಮೆ ರೊಕ್ಕದಲ್ಲಿ ದೇಶ ತಿರುಗುವುದನ್ನು ಕನ್ನಡಿಗರು ಕಲಿತದ್ದೇ ಯೂಟ್ಯೂಬ್ ಬಂದ ಮೇಲೆ ಎಂಬ ಮಾತನ್ನು ಓದಿಕೊಂಡವರೂ ಆಡತೊಡಗಿದ್ದಾರೆ. ಅಂಕಲಿಯ ಕುದುರೆಗಳು ಕೇಳಿದರೆ ನಕ್ಕಾವು.

ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಶಿತೋಳೆ ಸರದಾರರ ವಾಡೆಯಿಂದ ಪ್ರತಿವರ್ಷ ಎರಡು ಕುದುರೆಗಳು ಪುಣೆ ಹತ್ತಿರದ ಆಳಂದಿಗೆ ನಡೆದೇ ಹೋಗುತ್ತವೆ. 1832ರಲ್ಲಿ ಹೈಬತಬಾಬಾ ಆರಂಭಿಸಿದರೆನ್ನುವ ಜ್ಞಾನೇಶ್ವರ ಪಾಲಖಿ ಪಂಢರಪುರಕ್ಕೆ ಹೊರಡುವುದು ಈ ಕುದುರೆಗಳು ಬಂದು ಮುಟ್ಟಿದ ಮೇಲೆ. ಯುಗಾದಿ ಹತ್ತಿರ ಬಂತೆಂದರೆ ಅಥಣಿ, ರಾಯಬಾಗ ಕಡೆಯ ಮಂದಿ ಕಂಬಿ ಹೊತ್ತು ಶ್ರೀಶೈಲದ ಹಾದಿ ಹಿಡಿಯುತ್ತಾರೆ. ಕೆಲವರಂತೂ ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಗಂಟಿನಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ. ಹಾದಿಯುದ್ದಕ್ಕೂ ಊರವರು ಪೆಂಡಾಲು ಹಾಕಿ ಮಜ್ಜಿಗೆ ಕೊಡುತ್ತಾರೆ, ಬೊಕ್ಕೆ ಎದ್ದ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಇದೇ ಸೀಮೆಯ ಜೈನ ಒಕ್ಕಲಿಗರು ಜಾರ್ಖಂಡದ ಸಮ್ಮೇದ ಶಿಖರಜಿಗೆ ಹೋಗಿ, ಧರ್ಮಶಾಲೆಯಲ್ಲಿ ಇಳಿದುಕೊಂಡು, 27 ಕಿ.ಮೀ. ಬೆಟ್ಟದ ಸುತ್ತು ಮುಗಿಸಿ ಬರುತ್ತಾರೆ. ಇಂದಿನ ಬ್ಯಾಕ್‌ಪ್ಯಾಕರ್ ಹಾಸ್ಟೆಲ್ಲಿಗೆ ಧರ್ಮಶಾಲೆ ಅಜ್ಜನಾಗಬೇಕು. ಮೊಮ್ಮಗನಿಗೆ ಅದರ ಗುರುತಿಲ್ಲ.

ಇವರ್ಯಾರೂ ಬರೆಯಲಿಲ್ಲ, ಬರೆದವರು ಬೇರೆಯವರು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಶಿವರಾಮ ಕಾರಂತರ ‘ಅಬುವಿನಿಂದ ಬರಾಮಕ್ಕೆ’, ಆಕ್ಸ್‌ಫರ್ಡಿಗೆ ಓದಲು ಹೋದ ಗೋಕಾಕರ ‘ಸಮುದ್ರದಾಚೆಯಿಂದ’, ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’ ಎಂದು ಪಠ್ಯಪುಸ್ತಕದ ಯಾದಿ ಸಾಗುತ್ತದೆ. ವಿಮರ್ಶಕರು ಇವುಗಳ ಶೈಲಿ, ವರ್ಣನೆ, ವಿನೋದಗಳನ್ನೆಲ್ಲ ತೂಗಿದ್ದಾರೆ. ಟಿಕೀಟಿನ ರೊಕ್ಕ ಯಾರು ಕೊಟ್ಟರು ಎಂದು ಮಾತ್ರ ಕೇಳಿಲ್ಲ. ಅಂದಿನ ಪರದೇಶ ಪ್ರಯಾಣದ ಖರ್ಚನ್ನು ಬಹುಮಟ್ಟಿಗೆ ವಿಶ್ವವಿದ್ಯಾಲಯವೋ ಸರ್ಕಾರವೋ ವಿದ್ಯಾರ್ಥಿವೇತನವೋ ಹೊರುತ್ತಿತ್ತು, ಆಮೇಲಾಮೇಲೆ ಅಲ್ಲಿ ನೆಲೆಸಿದ ಮಕ್ಕಳು ಹೊತ್ತರು. ಗೊರೂರರ ‘ಅಮೆರಿಕಾದಲ್ಲಿ ಗೊರೂರು’ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಮೇಲೆ ಅಮೆರಿಕಾ ಕಥನಗಳ ಸುಗ್ಗಿಯೇ ಆಯಿತು. ಗೊರೂರರ ನಗು ಮಾತ್ರ ಆ ಸುಗ್ಗಿಯಲ್ಲಿ ಮತ್ತೆ ಬೆಳೆಯಲಿಲ್ಲ.

ಕೈಯಲ್ಲಿ ಕಾಸಿಲ್ಲದಿರುವುದು ಆಗ ಶೋಕಿಯಲ್ಲ, ಕಾಯಿದೆ. ಅರವತ್ತರ ದಶಕದ ಕೊನೆಯಲ್ಲಿ ವಿಮಾನ ಹತ್ತುವ ಭಾರತೀಯ ಜೊತೆಗೆ ಒಯ್ಯಬಹುದಾಗಿದ್ದ ವಿದೇಶಿ ಹಣ 8 ಡಾಲರ್. ಅದಕ್ಕೂ ಮುಂಚೆ, 1962ರಲ್ಲಿ, ಅಷ್ಟನ್ನೂ ಒಯ್ಯದೆ ಹೊರಟವರಿದ್ದರು. ಅಣ್ವಸ್ತ್ರದ ವಿರುದ್ಧ ಪ್ರತಿಭಟಿಸಿದ ಬರ್ಟ್ರಂಡ್ ರಸೆಲ್ ಸೆರೆಯಾದ ಸುದ್ದಿಯನ್ನು ಬೆಂಗಳೂರಿನ ಹೋಟೆಲೊಂದರಲ್ಲಿ ಓದಿದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್, ಒಂದು ಪೈಸೆಯೂ ಇಲ್ಲದೆ ದಿಲ್ಲಿಯಿಂದ ಮಾಸ್ಕೋ, ಪ್ಯಾರಿಸ್ ದಾಟಿ ವಾಷಿಂಗ್ಟನ್‌ವರೆಗೆ ಯಾತ್ರೆ ಮಾಡಿದರು. ದುಡ್ಡು ಮುಟ್ಟಬೇಡಿರೆಂದು ಹೇಳಿ ಕಳಿಸಿದವರು ವಿನೋಬಾ. ದುಡ್ಡಿದ್ದರೆ ಹೋಟೆಲಿಗೆ ಹೋಗುತ್ತೀರಿ, ಇಲ್ಲದಿದ್ದರೆ ಯಾರದಾದರೂ ಮನೆ ಬಾಗಿಲು ತಟ್ಟಲೇಬೇಕು ಎಂಬುದು ಅದರ ಹಿಂದಿನ ತರ್ಕ. ಬೆಂಗಳೂರಿನ ಮೇಜೊಂದರ ಮೇಲೆ ಹುಟ್ಟಿದ ಈ ನಡಿಗೆ ಕನ್ನಡದ ಪ್ರವಾಸ ಚರ್ಚೆಯಲ್ಲಿ ಬರುವುದೇ ಅಪರೂಪ.

ನಿಜವಾದ ತಿರುವು ಕೃಷ್ಣಾನಂದ ಕಾಮತರದು. ಹೊನ್ನಾವರದ ಈ ಕೀಟಶಾಸ್ತ್ರಜ್ಞ ಅಮೆರಿಕದಲ್ಲಿ ಓದಿ ಬಂದು 1969ರಲ್ಲಿ ‘ನಾನೂ ಅಮೆರಿಕೆಗೆ ಹೋಗಿದ್ದೆ’ ಪ್ರಕಟಿಸಿದರು. ಆ ‘ನಾನೂ’ ಎಂಬುದರಲ್ಲೇ ಅರ್ಧ ವಿಮರ್ಶೆ ಮುಗಿದಿದೆ. ಆಮೇಲೆ ಅವರು ಹೊರಳಿದ್ದು ಒಳನಾಡಿಗೆ. ‘ವಂಗದರ್ಶನ’, ‘ಬಸ್ತರ ಪ್ರವಾಸ’, ‘ನಾ ರಾಜಸ್ಥಾನದಲ್ಲಿ’ ಓದಿದವರಿಗೆ ಕ್ಯಾಮೆರಾ ಹೆಗಲಿಗೇರಿಸಿದ ಒಬ್ಬ ಮನುಷ್ಯ ಸಂತೆ, ಗುಡಿಸಲು, ಹಚ್ಚೆ, ಒಡವೆಗಳ ಮುಂದೆ ತಾಸುಗಟ್ಟಲೆ ನಿಲ್ಲುವುದು ಕಾಣುತ್ತದೆ. ಅವಸರವಿಲ್ಲದವನಿಗೆ ಪ್ರವಾಸ ಅಗ್ಗವಾಗುತ್ತದೆ. ಪ್ಯಾಕೇಜ್ ಟೂರಿನವರಿಗೆ ಈ ಲೆಕ್ಕ ಇಂದಿಗೂ ತಿಳಿದಿಲ್ಲ.

ಇನ್ನೊಂದು ಬಾಗಿಲು ತೆರೆದವರು ನೇಮಿಚಂದ್ರ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಗೆಳತಿಯೊಬ್ಬಳ ಜೊತೆ ದಕ್ಷಿಣ ಅಮೆರಿಕಕ್ಕೆ ಹೋದರು. ಟೂರ್ ಕಂಪನಿಯ ಬಾವುಟದ ಹಿಂದೆ ಅಲ್ಲ. ಮಾಚುಪಿಚ್ಚುವಿನ ದೇಶದಿಂದ ಅವರು ತಂದ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಕನ್ನಡದ ಓದುಗರಿಗೆ, ಅದರಲ್ಲೂ ಹೆಂಗಸರಿಗೆ, ಕೊಟ್ಟ ಧೈರ್ಯ ಸಣ್ಣದಲ್ಲ. ಸಂಬಳದಲ್ಲಿ ಉಳಿಸಿ, ರಜೆ ಕೂಡಿಟ್ಟು, ಗಂಡನೋ ಮಗನೋ ಜೊತೆಗಿಲ್ಲದೆ ಹೋಗಬಹುದು ಎಂಬುದು ಇನ್ಕಾ ಇತಿಹಾಸದಷ್ಟೇ ದೊಡ್ಡ ಸುದ್ದಿಯಾಗಿತ್ತು. ತೇಜಸ್ವಿಯವರ ಅಂಡಮಾನ್ ಕಥನ, ರಹಮತ್ ತರೀಕೆರೆಯವರ ‘ಅಂಡಮಾನ್ ಕನಸು’ ಇದೇ ಅಲೆಮಾರಿ ಬಳಗಕ್ಕೆ ಸೇರುತ್ತವೆ. ತರೀಕೆರೆಯವರು ಸ್ಮಾರಕಕ್ಕಿಂತ ಹೆಚ್ಚು ಹೊತ್ತು ಕೊಟ್ಟಿದ್ದು ಮನುಷ್ಯರಿಗೆ.

ಇನ್ನು ಡಾ. ಬ್ರೋ ಎಂದೇ ಹೆಸರಾದ ಗಗನ್ ಶ್ರೀನಿವಾಸ್. ‘ನಮಸ್ಕಾರ ದೇವ್ರು’ ಎನ್ನುತ್ತ ಅವರು ದೂರದ ದೇಶಗಳ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಶಿಗಿಳಿದಾಗ, ಪ್ರವಾಸ ಸಾಹಿತ್ಯದ ಪಂಡಿತರು ಮೂಗು ಮುರಿದರು. ಆದರೆ ಪುಸ್ತಕಗಳು ಮುಚ್ಚಿಟ್ಟಿದ್ದ ಬೆಲೆಪಟ್ಟಿಯನ್ನು ಬಿಚ್ಚಿದ್ದು ಈ ತಲೆಮಾರು. ಊಟಕ್ಕೆಷ್ಟು, ಬಸ್ಸಿಗೆಷ್ಟು, ಹಾಸಿಗೆಗೆಷ್ಟು ಎಂಬುದು ಈಗ ನಾಚಿಕೆಯ ವಿಷಯವಲ್ಲ. ಅನುಕರಿಸುವ ಹುಡುಗರು ಬೆಲೆಯನ್ನಷ್ಟೇ ಹಿಡಿದುಕೊಂಡು ಊರನ್ನು ಮರೆಯುತ್ತಿದ್ದಾರೆ, ಅದು ಬೇರೆ ತಕರಾರು.

2023ರ ಜೂನ್ 11ರಂದು, ಕರ್ನಾಟಕದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾಯಿತು. ಜಿಲ್ಲೆಯ ಗಡಿ ದಾಟದೇ ಇದ್ದ ಹೆಂಗಸರು ಸವದತ್ತಿ ಎಲ್ಲಮ್ಮ, ಹಂಪಿ, ಧರ್ಮಸ್ಥಳ ಎಂದು ಹೊರಟರು. ಪತ್ರಿಕೆಗಳು ಬಸ್ಸಿನ ನೂಕುನುಗ್ಗಲಿನ ಚಿತ್ರ ಹಾಕಿ, ವ್ಯಂಗ್ಯಚಿತ್ರ ಬರೆಸಿ ಕೈತೊಳೆದುಕೊಂಡವು. ಆ ಹೆಂಗಸರು ಕಂಡದ್ದೇನು ಎಂಬ ಒಂದು ಕಥನಕ್ಕೆ ಕನ್ನಡ ಇನ್ನೂ ಕಾಯುತ್ತಿದೆ. ಟಿಕೀಟಿನ ರೊಕ್ಕ ಯಾರದೆಂಬ ಪ್ರಶ್ನೆಗೆ ಅವರ ಕೈಯಲ್ಲಿರುವ ಶೂನ್ಯ ದರದ ಚೀಟಿಯಲ್ಲೇ ಉತ್ತರವಿದೆ.

ಗಡಿಯ ಹೆಂಗಸರದು ಇನ್ನೂ ನಾಜೂಕಿನ ಲೆಕ್ಕ. ಹಾರೂಗೇರಿಯಿಂದ ಪಂಢರಪುರಕ್ಕೆ ಹೊರಟವರಿಗೆ ಕಾಗವಾಡದವರೆಗೆ ಪುಕ್ಕಟೆ. ಅಲ್ಲಿಗೆ ಕರ್ನಾಟಕ ಮುಗಿಯುತ್ತದೆ. ಮೀರಜಕ್ಕೆ ಸಣ್ಣದೊಂದು ತುಂಡು ದಾರಿ, ಅದಕ್ಕೆ ಕೈಯಿಂದ ರೊಕ್ಕ. ಮೀರಜದಿಂದ ಮಹಾರಾಷ್ಟ್ರದ ಕೆಂಪು ಬಸ್ಸು, ಅಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೀಟು. ಮೊದಲ ಕಂಡಕ್ಟರನ ಜೊತೆ ಕನ್ನಡ, ಕೊನೆಯವನ ಜೊತೆ ಮರಾಠಿ. ಸೆರಗಿನ ತುದಿಯ ಗಂಟು ಬಿಚ್ಚುವುದು ಕಾಗವಾಡ ಬಂದ ಮೇಲೆಯೇ.