ಮರಳುವ ವಿಳಾಸಗಳ ಚರಿತ್ರೆ

ಚಿತ್ರದುರ್ಗದ ಕೋಟೆಯ ಮಗ್ಗುಲಿನ ಚಂದ್ರವಳ್ಳಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಸಾಹೇಬರು, ಒಂದರ ಮೇಲೊಂದು ಕುಳಿತ ಮಣ್ಣಿನ ಸ್ತರಗಳನ್ನು ಕ್ರಮವಾಗಿ ಬಿಡಿಸಿ, ಮೇಲಿನಿಂದ ಕೆಳಗಿಳಿಯುತ್ತ ಕಾಲದಲ್ಲಿ ಹಿಂದಕ್ಕೆ ನಡೆಯುವ ವಿದ್ಯೆಯನ್ನು ಪ್ರಯೋಗಿಸಿ ತೋರಿಸಿದರು. ಅದಾದ ಎರಡು ವರ್ಷಕ್ಕೆ, 1949ರಲ್ಲಿ, ಕೇಂಬ್ರಿಜ್‌ನ ಎಡ್‌ಸ್ಯಾಕ್ ಗಣಕಯಂತ್ರವು ತನ್ನ ಮೊದಲ ಲೆಕ್ಕವನ್ನು ಮಾಡಿತು. ಅದಕ್ಕೆ ಸಬ್‌ರೂಟೀನ್‌ಗಳನ್ನು ರಚಿಸುವ ಪದ್ಧತಿಯನ್ನು ರೂಪಿಸಿದವರಲ್ಲಿ ಪ್ರಮುಖನು ಡೇವಿಡ್ ವೀಲರ್ ಎಂಬ ತರುಣ. ಹೆಸರಿನ ಈ ಸಾಮ್ಯ ಕೇವಲ ಆಕಸ್ಮಿಕ. ಆದರೂ ಕ್ರ್ಯಾಶ್ ಆದ ಪ್ರೋಗ್ರಾಮಿನ ಸ್ಟ್ಯಾಕನ್ನು ಪದರಪದರವಾಗಿ ಬಿಡಿಸುವವನಿಗೆ ಇಬ್ಬರೂ ಗುರುಸ್ಥಾನದಲ್ಲಿರತಕ್ಕವರೇ ಸರಿ.

ಡೇವಿಡ್ ವೀಲರನ ಪದ್ಧತಿಯಲ್ಲಿ, ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬ ಆದೇಶವನ್ನು ಸಬ್‌ರೂಟೀನು ತನ್ನ ಒಡಲ ಕೊನೆಯಲ್ಲಿಯೇ ಬರೆದುಕೊಳ್ಳುತ್ತಿತ್ತು. ಆದಕಾರಣ ಕಟ್ಟಕಡೆಗೆ ಕರೆದವನೊಬ್ಬನ ಗುರುತು ಮಾತ್ರ ಅದರಲ್ಲಿ ಉಳಿಯುತ್ತಿತ್ತು. 1964ರಲ್ಲಿ ಪ್ರಕಟವಾದ ಐಬಿಎಂ 360 ಕುಲದ ಯಂತ್ರಗಳಲ್ಲಿಯೂ (1970ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ 360/44 ಈ ಕುಲದ್ದೇ) ಯಂತ್ರಸಿದ್ಧವಾದ ಸ್ಟ್ಯಾಕ್ ಇರಲಿಲ್ಲ. ಕರೆಯುವವನು 72 ಬೈಟುಗಳ ಒಂದು ಎಡೆಯನ್ನು ಒದಗಿಸಿ, ಅದರ ವಿಳಾಸವನ್ನು 13ನೆಯ ರಿಜಿಸ್ಟರಿನಲ್ಲಿಯೂ ಮರಳುವ ವಿಳಾಸವನ್ನು 14ನೆಯದರಲ್ಲಿಯೂ ಇಡತಕ್ಕದ್ದೆಂಬುದು ಅಲ್ಲಿಯ ಸಂಪ್ರದಾಯ. ಯಾರಾದರೊಬ್ಬ ಅದನ್ನು ಉಪೇಕ್ಷಿಸಿದನೋ, ಸರಪಣಿ ಅಲ್ಲಿಗೇ ಕಡಿಯಿತು.

ಕ್ರ್ಯಾಶ್ ಆದ ಪ್ರೋಗ್ರಾಮಿನ ಸ್ಟ್ಯಾಕಿನಲ್ಲಿ ಡೀಬಗ್ಗರು ಹಿಡಿಯುವ ಜಾಡು ಅಪೂರ್ಣವಾಗುವುದಕ್ಕೆ ಬಹುಪಾಲು ಇಂಥ ಸಂಪ್ರದಾಯಭೇದಗಳೇ ಮೂಲವೆಂದು ನನ್ನ ಎಣಿಕೆ. ಸ್ಟ್ಯಾಕಿನ ಜಾಡನ್ನು ನಡೆದ ಘಟನೆಗಳ ಬಖೈರೆಂದು ಭಾವಿಸುವವರುಂಟು. ವಾಸ್ತವದಲ್ಲಿ ಅದು ಪ್ರೊಸೆಸರು ಇನ್ನೂ ಮರಳಬೇಕಾಗಿರುವ ಸ್ಥಳಗಳ ಯಾದಿ, ಮತ್ತು ಆ ಯಾದಿಯನ್ನು ಬರೆದಿಡುವಲ್ಲಿ ಒಂದೊಂದು ವಂಶಕ್ಕೆ ಒಂದೊಂದು ಆಚಾರ. 1977ರ ವ್ಯಾಕ್ಸ್ ಯಂತ್ರವು ಕರೆಯ ಆದೇಶದೊಡನೆ ಪೂರ್ಣ ಚೌಕಟ್ಟನ್ನು ತಾನೇ ಕಟ್ಟುತ್ತಿತ್ತು. ಜಾಡು ಸುಭದ್ರ, ಆದರೆ ನಡೆ ನಿಧಾನ. 1980ರ ದಶಕದ ಮಿಪ್ಸ್, ಆರ್ಮ್ ಮೊದಲಾದವು ವೇಗವನ್ನು ಬಯಸಿ ಮರಳುವ ವಿಳಾಸವನ್ನು ರಿಜಿಸ್ಟರಿನಲ್ಲಿಯೇ ಇರಿಸಿದವು. ಬೇರಾರನ್ನೂ ಕರೆಯದ ಸಬ್‌ರೂಟೀನು ಅದನ್ನು ಮೆಮೊರಿಗೆ ಬರೆಯುವ ಗೊಡವೆಗೇ ಹೋಗದು. 1987ರ ಸ್ಪಾರ್ಕ್‌ನಲ್ಲಿ ಈಚಿನ ಚೌಕಟ್ಟುಗಳು ರಿಜಿಸ್ಟರ್ ಕಿಟಕಿಗಳೊಳಗೆ ಅಡಗಿದ್ದು, ಅವನ್ನು ಮೆಮೊರಿಗೆ ಇಳಿಸಿದ ಹೊರತು ಕಾಣವು. ಇಟೇನಿಯಂನಲ್ಲಿಯಂತೂ ಸ್ಟ್ಯಾಕುಗಳೇ ಎರಡು.

ಆರ್ಮ್‌ನ ತೊಡಕು ಬೇರೆಯೇ ಬಗೆಯದು. ಒಂದೇ ಪ್ರೋಗ್ರಾಮಿನಲ್ಲಿ ಆರ್ಮ್, ಥಂಬ್ ಎಂಬ ಎರಡು ಆದೇಶರೂಪಗಳು ಬೆರೆಯಬಹುದಾಗಿ, ಮೊದಲನೆಯದರಲ್ಲಿ ಚೌಕಟ್ಟನ್ನು ತೋರುವ ವಾಡಿಕೆಯ ಫ್ರೇಮ್ ಪಾಯಿಂಟರು 11ನೆಯ ರಿಜಿಸ್ಟರಾದರೆ ಎರಡನೆಯದರಲ್ಲಿ 7ನೆಯದು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕಶಾಸನದಲ್ಲಿ ಪಾಠವೆಲ್ಲ ಎಡದಿಂದ ಬಲಕ್ಕೆ ಓದತಕ್ಕ ಬ್ರಾಹ್ಮಿಯಲ್ಲಿದ್ದು, ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ಹೇಳುವ ಕೊನೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದತಕ್ಕ ಖರೋಷ್ಠಿಯಲ್ಲಿ ಕೊರೆದಿರುವನಷ್ಟೆ. ಬ್ರಾಹ್ಮಿಯೊಂದನ್ನೇ ಬಲ್ಲವನು ಅಲ್ಲಿ ತಡವರಿಸುವಂತೆ, ಒಂದೇ ರೂಢಿಯನ್ನು ನಂಬಿ ಹೊರಟ ಡೀಬಗ್ಗರು ಈ ಎರಡರ ಗಡಿಯಲ್ಲಿ ನಿಂತುಬಿಡುತ್ತದೆ.

ಒಮ್ಮೊಮ್ಮೆ ಪರದೆಯ ಮೇಲೆ ಕಾಣುವುದು ಇಷ್ಟೆ: ಮೊದಲ ಸಾಲಿನಲ್ಲಿ ಸೊನ್ನೆಯ ವಿಳಾಸ, ಹೆಸರಿರಬೇಕಾದ ಕಡೆ ಎರಡು ಪ್ರಶ್ನಾರ್ಥಕ ಚಿಹ್ನೆ, ಮುಂದೆ ಏನೂ ಇಲ್ಲ. ಶೂನ್ಯ ಪಾಯಿಂಟರನ್ನು ಫಂಕ್ಷನ್ನೆಂದು ನಂಬಿ ಹಾರಿದ ಪ್ರೊಸೆಸರು ಅಲ್ಲಿ ಯಾವ ಚೌಕಟ್ಟನ್ನೂ ಕಟ್ಟಿರುವುದಿಲ್ಲ. ಇಂಟೆಲ್ ವಂಶದಲ್ಲಾದರೆ ಕರೆದವನ ವಿಳಾಸವು ಸ್ಟ್ಯಾಕಿನ ತುದಿಯಲ್ಲಿಯೇ ಇದೆ, ಆರ್ಮ್‌ನಲ್ಲಾದರೆ ಲಿಂಕ್ ರಿಜಿಸ್ಟರಿನಲ್ಲಿ. ಅದನ್ನು ಕೈಯಾರೆ ಎತ್ತಿ ಡೀಬಗ್ಗರಿಗೆ ಒಪ್ಪಿಸಿದರೆ ಉಳಿದ ಪದರಗಳು ತಾವಾಗಿ ತೆರೆದುಕೊಳ್ಳುವುದುಂಟು.

ಇಂಟೆಲ್ ವಂಶದ ಜಾಡು ಕಡಿದುದಕ್ಕೆ ಮುಖ್ಯ ಕಾರಣ ಕಂಪೈಲರುಗಳ ಮಿತವ್ಯಯ. ಫ್ರೇಮ್ ಪಾಯಿಂಟರಿಗೆ ಮೀಸಲಾದ ರಿಜಿಸ್ಟರನ್ನು ಬೇರೆ ಕೆಲಸಕ್ಕೆ ಬಿಡಿಸಿಕೊಂಡು, ಸ್ಟ್ಯಾಕನ್ನು ಬಿಡಿಸಬೇಕಾದವನು ಪ್ರತ್ಯೇಕ ಕೋಷ್ಟಕಗಳನ್ನು ನೋಡಿಕೊಳ್ಳಲಿ ಎಂಬ ಏರ್ಪಾಡು 64 ಬಿಟ್ ಯಂತ್ರಗಳಲ್ಲಿ ರೂಢಿಯಾಯಿತು. 2011ರ ಜಿಸಿಸಿ 4.6 ಅದನ್ನು 32 ಬಿಟ್ ಲಿನಕ್ಸಿಗೂ ವಿಸ್ತರಿಸಿತು. ಕೋಷ್ಟಕವಿಲ್ಲದ, ಇಲ್ಲವೆ ಕ್ರ್ಯಾಶ್ ಆದ ಪ್ರತಿಗೆ ಹೊಂದದ, ಲೈಬ್ರರಿಯೊಂದು ನಡುವೆ ಬಂದರೆ ಸಾಕು, ಜಾಡು ದಿಕ್ಕುಗೆಡುತ್ತದೆ. ಉಳಿತಾಯಕ್ಕಿಂತ ತೆತ್ತದ್ದೇ ಹೆಚ್ಚೆಂದು ನನಗೆ ತೋರುತ್ತದೆ. ದೀರ್ಘ ವಾಗ್ವಾದದ ತರುವಾಯ 2023ರ ಫೆಡೋರಾ 38, ಮರುವರ್ಷದ ಉಬುಂಟು 24.04 ಫ್ರೇಮ್ ಪಾಯಿಂಟರನ್ನು ಮತ್ತೆ ಪ್ರತಿಷ್ಠಾಪಿಸಿದವು. ಅಷ್ಟರೊಳಗೆ ಆರ್ಮ್ 8.3 ವಿನ್ಯಾಸವು ಮರಳುವ ವಿಳಾಸದ ಮೇಲಣ ಬಿಟ್ಟುಗಳಲ್ಲಿ ರಹಸ್ಯಮುದ್ರೆಯೊತ್ತುವ ಪದ್ಧತಿಯನ್ನು ತಂದಾಗಿತ್ತು. ಆ ಮುದ್ರೆಯನ್ನು ಕಳಚಲರಿಯದ ಹಳೆಯ ಡೀಬಗ್ಗರಿಗೆ, ಚೌಕಟ್ಟೆಲ್ಲ ಅಖಂಡವಾಗಿದ್ದರೂ, ಒಂದು ವಿಳಾಸವೂ ಗುರುತು ಹತ್ತದು.