ಡಾರ್ಕ್ ಪ್ಯಾಟರ್ನ್: ಗ್ರಾಹಕ ಕಾನೂನಿನ ಇತಿಹಾಸ

ಡಾರ್ಕ್ ಪ್ಯಾಟರ್ನ್ ಎಂದರೆ ಗ್ರಾಹಕರು ಬಯಸದ ಖರೀದಿ, ಪಾವತಿ ಅಥವಾ ಒಪ್ಪಿಗೆಯ ಕಡೆಗೆ ಅವರನ್ನು ತಳ್ಳುವಂತೆ ಜಾಲತಾಣ, ಆ್ಯಪ್‌ಗಳ ಪರದೆಯನ್ನು ಹೆಣೆಯುವ ತಂತ್ರ. 2010ರಲ್ಲಿ ಈ ಹೆಸರನ್ನು ಬಳಕೆಗೆ ತಂದವರು ಬ್ರಿಟನ್ನಿನ ವಿನ್ಯಾಸಕ ಹ್ಯಾರಿ ಬ್ರಿಗ್ನಲ್.

ಭಾರತದಲ್ಲಿ 1986ರ ಗ್ರಾಹಕರ ರಕ್ಷಣಾ ಕಾಯಿದೆಯಡಿ ನೊಂದವರು ಸಾಮಾನ್ಯವಾಗಿ ತಾವೇ ಗ್ರಾಹಕ ವೇದಿಕೆಗೆ ಹೋಗಬೇಕಿತ್ತು. ಆನ್‌ಲೈನ್ ವ್ಯಾಪಾರದಲ್ಲಿ ಒಬ್ಬೊಬ್ಬರು ಕಳೆದುಕೊಳ್ಳುವುದು ಹತ್ತಿಪ್ಪತ್ತು ರೂಪಾಯಿ. ಅಷ್ಟಕ್ಕೆ ಯಾರೂ ದಾವೆ ಹೂಡುವುದಿಲ್ಲ. ಲಕ್ಷಾಂತರ ಜನರಿಂದ ಹೀಗೆ ಸೋರುವ ಹಣ ಮಾತ್ರ ದೊಡ್ಡದು. ಈ ಕೊರತೆಯನ್ನು ತುಂಬಿದ್ದು 2019ರ ಹೊಸ ಕಾಯಿದೆ. ಅದರಡಿ 2020ರ ಜುಲೈನಲ್ಲಿ ರಚನೆಯಾದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಸ್ವಯಂಪ್ರೇರಿತವಾಗಿ ತನಿಖೆ ನಡೆಸುವ ಅಧಿಕಾರ ದೊರೆಯಿತು. ಅದೇ ತಿಂಗಳು ಜಾರಿಗೆ ಬಂದ ಇ-ಕಾಮರ್ಸ್ ನಿಯಮಗಳು, ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಗ್ರಾಹಕರ ಸಮ್ಮತಿಯೆಂದು ದಾಖಲಿಸುವುದನ್ನು ನಿಷೇಧಿಸಿದವು.

2023ರ ಸೆಪ್ಟೆಂಬರ್‌ನಲ್ಲಿ ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಪಡೆದ ಸರ್ಕಾರ, ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ತಡೆ ಮತ್ತು ನಿಯಂತ್ರಣ ಮಾರ್ಗಸೂಚಿಗಳನ್ನು ಅಧಿಸೂಚಿಸಿತು. ಅವುಗಳಲ್ಲಿ 13 ತಂತ್ರಗಳ ಪಟ್ಟಿಯಿದೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತು ಅಥವಾ ದೇಣಿಗೆಯನ್ನು ಬಿಲ್ಲಿಗೆ ಸೇರಿಸುವುದು, ಪೂರ್ತಿ ಬೆಲೆಯನ್ನು ಕೊನೆಯವರೆಗೂ ಮರೆಮಾಚುವುದು, ಚಂದಾ ರದ್ದುಮಾಡುವ ದಾರಿಯನ್ನು ತೊಡಕಾಗಿಸುವುದು ಇವುಗಳಲ್ಲಿ ಮುಖ್ಯ. ವಿಮಾನ ಟಿಕೆಟ್‌ನೊಂದಿಗೆ ವಿಮೆ ಬೇಡವೆನ್ನುವವರು ‘ನಾನು ಅಸುರಕ್ಷಿತವಾಗಿಯೇ ಇರುತ್ತೇನೆ’ ಎಂಬರ್ಥದ ಗುಂಡಿ ಒತ್ತಬೇಕಾಗುವುದನ್ನು ಮಾರ್ಗಸೂಚಿಯೇ ಉದಾಹರಿಸುತ್ತದೆ. ಇಲ್ಲಿ ಹೇಳಿದ ಸುಳ್ಳೇನೂ ಇಲ್ಲ. ಇರುವುದು ನಾಚಿಕೆ, ಭಯಗಳ ಒತ್ತಡ. ಅದನ್ನೂ ಕಾನೂನು ಅನ್ಯಾಯವೆಂದು ಗುರುತಿಸಿದ್ದು ಈ ಇತಿಹಾಸದ ಮಹತ್ವದ ತಿರುವು. ಭಾರತದಲ್ಲಿ ಸರಕು, ಸೇವೆ ಒದಗಿಸುವ ಎಲ್ಲ ವೇದಿಕೆಗಳಿಗೂ, ಮಾರಾಟಗಾರರಿಗೂ, ಜಾಹೀರಾತುದಾರರಿಗೂ ಈ ಮಾರ್ಗಸೂಚಿಗಳು ಅನ್ವಯಿಸುತ್ತವೆ.

ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯಿದೆಯ 25ನೆಯ ವಿಧಿಯೂ ಆನ್‌ಲೈನ್ ವೇದಿಕೆಗಳ ಇಂಥ ವಿನ್ಯಾಸವನ್ನು ನಿಷೇಧಿಸುತ್ತದೆ. ಅಮೆರಿಕದಲ್ಲಿ ತನ್ನ ಪ್ರೈಮ್ ಚಂದಾದಾರಿಕೆಯಲ್ಲಿ ಇಂಥ ತಂತ್ರ ಬಳಸಿದ ಆರೋಪದ ಪ್ರಕರಣ ಇತ್ಯರ್ಥಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ 250 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಿಸಬೇಕಾದ ಹಣ.

ಭಾರತದಲ್ಲಿ 2025ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಮೂರು ತಿಂಗಳೊಳಗೆ ಸ್ವಯಂ ಪರಿಶೋಧನೆ ನಡೆಸುವಂತೆ ಇ-ಕಾಮರ್ಸ್ ಕಂಪನಿಗಳಿಗೆ ಸೂಚಿಸಿತು. ಆದರೆ ತನ್ನ ತಪ್ಪನ್ನು ತಾನೇ ತೂಗುವ ಈ ವ್ಯವಸ್ಥೆ ಸಾಲದು. ಸ್ವತಂತ್ರ ತಪಾಸಣೆ ಅಗತ್ಯ. ಅದಕ್ಕೆ ಗ್ರಾಹಕರ ದೂರುಗಳೇ ಆಧಾರ. ಪರದೆಯ ಚಿತ್ರವನ್ನು ಉಳಿಸಿಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ಯಾರು ಬೇಕಾದರೂ ದೂರು ದಾಖಲಿಸಬಹುದು.