ಅಡಕೆಯ ಕೊಳೆರೋಗವೂ ಮೈಸೂರಿನ ವ್ಯವಸಾಯದ ಇಲಾಖೆಯೂ

ಸಂಶೋಧಕನು ಕಂಡ ವಿಷಯವು ಸರ್ಕಾರದ ಮೂಲಕ ರೈತನ ಕೈಗೆ ಬಂದು ವಾಡಿಕೆಯಾಗಿ ನಿಲ್ಲುವ ಬಗೆಗೆ ಮಲೆನಾಡಿನ ಅಡಕೆತೋಟಗಳ ಚರಿತ್ರೆಯಲ್ಲಿ ಒಂದು ಒಳ್ಳೆಯ ನಿದರ್ಶನವುಂಟು. ಆ ವೃತ್ತಾಂತವನ್ನು ಹೇಳುವ ರೂಢಿಯ ಕ್ರಮದಲ್ಲಿ ಒಂದು ಮುಖ್ಯಾಂಶವು ಬಿಟ್ಟುಹೋಗುತ್ತಿರುವುದಾಗಿ ನಮಗೆ ತೋರುವುದರಿಂದ ಅದನ್ನಿಲ್ಲಿ ವಿಚಾರಿಸಬೇಕಾಗಿದೆ.

ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದರು. ಸಸ್ಯರೋಗ, ಕೀಟ ಇವೆರಡರ ಪರೀಕ್ಷೆಯೂ ಅವರದಾಗಿದ್ದಿತು. ಮಳೆಗಾಲದಲ್ಲಿ ಎಳೆಯ ಅಡಕೆಯು ತೊಟ್ಟಿನ ಬಳಿ ಕೊಳೆತು, ಬಿಳಿಯ ಬೂಷ್ಟು ಹಿಡಿದು, ಮರದ ಬುಡದಲ್ಲಿ ಉದುರಿಬಿದ್ದಿರುವುದನ್ನು ತೋಟಿಗರು ತಲೆತಲಾಂತರದಿಂದ ಕಂಡವರೇ. ಇದಕ್ಕೆ ಕಾರಣವು ಫೈಟಾಫ್ತೊರ ಎಂಬ ಕುಲದ ಶಿಲೀಂಧ್ರವೆಂದು ಕೋಲ್ಮನ್ನರು 1910ರಲ್ಲಿ ಪ್ರಕಟಿಸಿದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಯನ್ನು ಹಾಳುಮಾಡಿದುದೂ ಇದೇ ಕುಲದ್ದು. ಔಷಧವೂ ಹೊಸದಾಗಿರಲಿಲ್ಲ. ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರಸಿದ ಬೋರ್ಡೋ ದ್ರಾವಣವು 1885ರಿಂದಲೇ ಫ್ರಾನ್ಸಿನ ದ್ರಾಕ್ಷಿತೋಟಗಳ ಮೂಲಕ ಪ್ರಸಿದ್ಧವಾಗಿದ್ದಿತು.

ಆದರೆ ಬೋರ್ಡೋ ಸೀಮೆಯ ಮಳೆ ಬೇರೆ, ಆಗುಂಬೆಯ ಮಳೆ ಬೇರೆ. ಗೊನೆಗೆ ಹೊಡೆದ ಔಷಧವು ಒಂದು ವಾರದ ಜಡಿಮಳೆಗೆ ತೊಳೆದುಹೋದರೆ ಪ್ರಯೋಗಶಾಲೆಯ ಸಿದ್ಧಾಂತದಿಂದ ತೋಟಿಗನಿಗೇನು ಫಲ? ರಾಳವನ್ನು ಸೋಡದೊಡನೆ ಕುದಿಸಿದ ಅಂಟನ್ನು ದ್ರಾವಣಕ್ಕೆ ಕೂಡಿಸಿದಾಗ ಅದು ಕಾಯಿಗೆ ಹಿಡಿದು ನಿಂತಿತು. ರೋಗಾಣುವಿನ ನಾಮಕರಣಕ್ಕಿಂತಲೂ ಈ ಅಂಟಿನ ಯೋಜನೆಯೇ ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ಮುಂದೆ ಕೋಲ್ಮನ್ನರೇ ಇಲಾಖೆಯ ಡೈರೆಕ್ಟರಾದುದರಿಂದ, ಕಂಡುಹಿಡಿದವರಿಗೂ ಅಧಿಕಾರ ನಡೆಸುವವರಿಗೂ ನಡುವೆ ಸಾಮಾನ್ಯವಾಗಿರುವ ಅಂತರವೂ ಇಲ್ಲಿ ಉಳಿಯಲಿಲ್ಲ.

ಬಿಟ್ಟುಹೋಗುವ ಅಂಶವಾವುದೆಂದರೆ, ಕೊಟ್ಟೆ ಕಟ್ಟುವ ಪದ್ಧತಿ. ಮಳೆ ಹಿಡಿಯುವುದಕ್ಕೆ ಮುಂಚೆ ಗೊನೆಗಾರನು ಮರವೇರಿ, ಹುಲ್ಲಿನಿಂದಲೋ ಹಾಳೆಯಿಂದಲೋ ಮಾಡಿದ ಕೊಟ್ಟೆಯನ್ನು ಗೊನೆಗೆ ಕಟ್ಟಿ ನೀರು ತಾಗದಂತೆ ಮಾಡುತ್ತಿದ್ದನು. ಶಿಲೀಂಧ್ರವನ್ನರಿಯದಿದ್ದರೂ, ನೀರೇ ರೋಗದ ವಾಹನವೆಂಬುದನ್ನೂ ಮಳೆಗೆ ಮುಂಚೆಯೇ ರಕ್ಷಣೆ ಆಗಬೇಕೆಂಬುದನ್ನೂ ಮಲೆನಾಡಿನವರು ಅರಿತಿದ್ದರು. ಹೊಸ ಪದ್ಧತಿಯು ಆ ಕಾಲವನ್ನೇ, ಆ ಗೊನೆಗಾರನನ್ನೇ ಆಶ್ರಯಿಸಿತು. ಕೊಟ್ಟೆಯ ಸ್ಥಾನಕ್ಕೆ ಔಷಧದ ಲೇಪವು ಬಂದಿತು, ಅಷ್ಟೆ. ಆದಕಾರಣ, ಇಲಾಖೆಯು ಅಜ್ಞರಾದ ರೈತರಿಗೆ ಕಲಿಸಿತೆಂಬ ಮಾತು ಅರ್ಧಸತ್ಯವೇ ಸರಿ.

ಶಬ್ದದ ಚರಿತ್ರೆಯೂ ಇದಕ್ಕೆ ಸಾಕ್ಷಿಯಾಗಿದೆ. ಕಾಫಿಗಿಡದ ಬೇರೊಂದು ರೋಗದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸರು 1876ರಲ್ಲಿಯೇ ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟಿದ್ದರು. ಲ್ಯಾಟಿನ್ ನಾಮಾವಳಿಯಲ್ಲಿ ಕನ್ನಡ ಶಬ್ದವೊಂದು ಹೀಗೆ ಸೇರಿರುವುದು ನಮ್ಮ ನಿಘಂಟುಕಾರರ ಗಮನಕ್ಕೆ ಯೋಗ್ಯವಾದುದು. ಕೋಲ್ಮನ್ನರೂ ಅಡಕೆಯ ರೋಗವನ್ನು ಕೊಳೆರೋಗವೆಂದೇ ಕರೆದರು.

ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮುಂಗಾರಿಗೆ ಮುಂಚೆ ಒಮ್ಮೆ, 40–45 ದಿನಗಳ ಮೇಲೆ ಇನ್ನೊಮ್ಮೆ: ಇದು ಇಂದಿಗೂ ನಡೆದಿರುವ ಕ್ರಮ. ಮರವೇರುವವರು ವಿರಳರಾದ ಈಚಿನ ವರ್ಷಗಳಲ್ಲಿ ನೆಲದಲ್ಲಿಯೇ ನಿಂತು ಔಷಧ ಹೊಡೆಯಲು ಉದ್ದವಾದ ದೋಟಿಗಳು ಬಳಕೆಗೆ ಬಂದಿವೆ.